ಬಿಪಿ ನೋಡಿದ ಮೇಲೆ ಮುಂದೇನು?

ಅಮೆರಿಕದ ಕಪ್ಪು ಜನರ ಚರ್ಚ್‌ಗಳಲ್ಲಿ ಆರೋಗ್ಯ ತಪಾಸಣೆ ಶಿಬಿರ ಇಟ್ಟರೆ ಡಾಕ್ಟರುಗಳ ಮೇಲಿನ ಹಳೆಯ ಅಪನಂಬಿಕೆ ಕರಗುತ್ತದೆ ಎಂದು ನಾನು ಓದಿದ ಒಂದು ಲೇಖನ ಹೇಳುತ್ತದೆ. ಅಷ್ಟು ಸುಲಭ ಇಲ್ಲ ಅನ್ನಿಸುತ್ತದೆ. ಅಲಬಾಮಾದ ಟಸ್ಕಿಗೀಯಲ್ಲಿ 1932ರಿಂದ 1972ರವರೆಗೆ ಸರ್ಕಾರದ ಆರೋಗ್ಯ ಇಲಾಖೆಯೇ ಸಿಫಿಲಿಸ್ ಎಂಬ ಲೈಂಗಿಕ ರೋಗ ಇದ್ದ 399 ಕಪ್ಪು ಗಂಡಸರಿಗೆ ಸರಿಯಾದ ಚಿಕಿತ್ಸೆ ಕೊಡದೆ ಸುಮ್ನೆ ಗಮನಿಸುತ್ತಾ ಕೂತಿತ್ತು. ಅದನ್ನು ಗುಣಪಡಿಸುವ ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ‘ಕೆಟ್ಟ ರಕ್ತ’ಕ್ಕೆ (ಕಾಯಿಲೆಗೆ ಆ ಊರಿನವರ ಮಾತು) ಉಚಿತ ಚಿಕಿತ್ಸೆ ಅಂತ ಅವರನ್ನು ಕರೆಯಲು ಬಳಸಿದ ದಾರಿಗಳಲ್ಲಿ ಊರಿನ ಚರ್ಚ್ ಕೂಡ ಒಂದು! ಲೇಖನದಲ್ಲಿ ಈ ಮಾತೇ ಇಲ್ಲ.

ಹಾಗಂತ ಚರ್ಚ್ ಬೇಡ ಅಂತಲ್ಲ. ಆರ್ಕನ್ಸಾದಲ್ಲಿ ಶುರುವಾದ ವಿಟ್ನೆಸ್ ಪ್ರಾಜೆಕ್ಟ್‌ನಲ್ಲಿ ಕ್ಯಾನ್ಸರ್ ಗೆದ್ದ ಕಪ್ಪು ಹೆಂಗಸರೇ ಚರ್ಚ್‌ನಲ್ಲಿ ಎದ್ದು ನಿಂತು ತಮ್ಮ ಕಥೆ ಹೇಳುತ್ತಾರೆ. ಡಾಕ್ಟರ್ ಭಾಷಣಕ್ಕಿಂತ ಅದು ಜಾಸ್ತಿ ತಟ್ಟುತ್ತದೆ, ಅಲ್ವಾ?

ಆದರೆ ಕಾಯಿಲೆ ಪತ್ತೆ ಹಚ್ಚಿ ಸುಮ್ಮನೆ ಬಿಟ್ಟರೆ ಸಾಲದು. 2018ರಲ್ಲಿ ಪ್ರಕಟವಾದ ಲಾಸ್ ಏಂಜಲೀಸ್ ಅಧ್ಯಯನ ನೋಡಿ. ಕಪ್ಪು ಗಂಡಸರು ಹೋಗುವ ಕ್ಷೌರದಂಗಡಿಗಳಿಗೇ ಫಾರ್ಮಸಿಸ್ಟ್‌ಗಳು ಬಂದು, ಬಿಪಿ ನೋಡಿ, ಮಾತ್ರೆಯನ್ನೂ ಬರೆದುಕೊಟ್ಟರು. ಆರು ತಿಂಗಳಲ್ಲಿ ಮೇಲಿನ ಬಿಪಿ ಸರಾಸರಿ 27ರಷ್ಟು ಇಳಿಯಿತು. ಬರೀ ಸಲಹೆ ಕೊಟ್ಟು ‘ಡಾಕ್ಟರ್ ಹತ್ರ ಹೋಗಿ’ ಅಂದ ಅಂಗಡಿಗಳಲ್ಲಿ ಇಳಿದದ್ದು 9ರಷ್ಟು. ಎಷ್ಟೋ ಚರ್ಚ್ ಶಿಬಿರಗಳು ಈ ಎರಡನೇ ಥರದವು. ಕೈಗೆ ಒಂದು ಚೀಟಿ, ಅಷ್ಟೇ. ಇನ್ಶೂರೆನ್ಸ್ ಇಲ್ಲದವರು ಆ ಚೀಟಿ ಹಿಡಿದು ಎಲ್ಲಿಗೆ ಹೋಗಬೇಕು? ಶಿಬಿರಕ್ಕೆ ಒಪ್ಪುವ ಮುಂಚೆ ಪಾದ್ರಿಗಳು ಆಸ್ಪತ್ರೆಯವರನ್ನು ಇದನ್ನೇ ಕೇಳಲಿ.