ಬಾಗಿಲಲ್ಲಿ ನಿಂತ ಕೃಪ

ಪ್ರೌಢಶಾಲೆಯ ಮಕ್ಕಳಿಗೆ ವೀರಗಾಥೆಯಷ್ಟೇ ಸಾಕು, ಯುದ್ಧದ ಕ್ರೌರ್ಯ ಬೇಡ ಎಂದು ಲೇಖಕರೊಬ್ಬರು ತಮ್ಮ ಲೇಖನದಲ್ಲಿ ಬರೆದಿದ್ದಾರೆ. ವಿರಾಜಪೇಟೆ ಕಡೆಯ ಶಾಲೆಯೊಂದರಲ್ಲಿ ಕನ್ನಡ ಕಲಿಸುವ ನಾನು ಇದನ್ನು ಒಪ್ಪಲಾರೆ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದ್ ದಿನ ಕೋವಿಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜಿಸುವುದನ್ನು ನೋಡುತ್ತಲೇ ನಮ್ಮ ಮಕ್ಕಳು ಬೆಳೆಯುತ್ತಾರೆ. ಆ ಕೋವಿಯ ಹೊಣೆ ಏನೆಂಬುದೂ ಅವರಿಗೆ ತಿಳಿಯಬೇಡವೇ?

ಮಹಾಭಾರತದ ಸೌಪ್ತಿಕ ಪರ್ವದ ಕಥೆ ಹೇಳಿದ ದಿನ ತರಗತಿ ಉಸಿರು ಬಿಗಿಹಿಡಿದು ಕೇಳಿತು. ಮಲಗಿದವರನ್ನು ಕೊಲ್ಲುವುದು ಅಧರ್ಮವೆಂದು ಅಶ್ವತ್ಥಾಮನಿಗೆ ತಿಳಿಹೇಳಿದ ಕೃಪನೇ ಕೊನೆಗೆ ಪಾಂಡವರ ಶಿಬಿರದ ಬಾಗಿಲಲ್ಲಿ ನಿಂತು, ಜೀವ ಉಳಿಸಿಕೊಳ್ಳಲು ಓಡಿಬಂದವರನ್ನು ಕೊಲ್ಲುತ್ತಾನೆ. “ಬೇಡ ಎಂದವನು ಜೊತೆಗೆ ಹೋದದ್ದೇಕೆ ಸರ್?” ಎಂದು ಹಿಂದಿನ ಬೆಂಚಿನ ಹುಡುಗಿ ಕೇಳಿದಳು. ಅವಳ ಅಜ್ಜ ಮಾಜಿ ಸೈನಿಕರು. ಗಂಟೆ ಬಾರಿಸಿದರೂ ಯಾರೂ ಏಳಲಿಲ್ಲ.

ಮರುವಾರ ಮೊದಲ ಮಹಾಯುದ್ಧದ ಬಗ್ಗೆ ಜರ್ಮನ್ ಲೇಖಕ ರೆಮಾರ್ಕ್ ಅವರು ಬರೆದ 1929ರ ಕಾದಂಬರಿ ‘ಆಲ್ ಕ್ವೈಟ್ ಆನ್ ದ ವೆಸ್ಟರ್ನ್ ಫ್ರಂಟ್’ನ ಒಂದು ಪ್ರಸಂಗ ಹೇಳಿದೆ: ಗುಂಡಿಯೊಳಗೆ ತಾನೇ ಇರಿದ ಫ್ರೆಂಚ್ ಸೈನಿಕನ ಬಳಿ ಒಬ್ಬ ಹೆಂಗಸಿನ, ಪುಟ್ಟ ಹುಡುಗಿಯ ಫೋಟೊ ಕಾಣುವ ಜರ್ಮನ್ ತರುಣನ ಕಥೆ. ಮುಂದಿನ ಪಾಠ ನಮ್ಮ ಮಡಿಕೇರಿಯಲ್ಲೇ ಹುಟ್ಟಿದ ಸೇನಾನಿ ಜನರಲ್ ತಿಮ್ಮಯ್ಯನವರದು. 1953ರಲ್ಲಿ ಕೊರಿಯಾದಲ್ಲಿ, ತಾಯ್ನಾಡಿಗೆ ಮರಳಲು ಒಲ್ಲದ ಯುದ್ಧಕೈದಿಗಳ ಹೊಣೆ ಹೊತ್ತ ಆಯೋಗಕ್ಕೆ ಅವರೇ ಅಧ್ಯಕ್ಷರಾಗಿದ್ದರು.