ಅತ್ತೆ ನಮ್ಮ ಮನೆಯವರಲ್ವಾ?

ಜನವರಿ ಬಂತು ಅಂದರೆ ಆಫೀಸಿನಲ್ಲಿ ಟ್ಯಾಕ್ಸ್ ದಾಖಲೆ ಕೊಡುವ ಗಡಿಬಿಡಿ. ಈ ಸಲ ಅತ್ತೆಯವರ ಆರೋಗ್ಯ ವಿಮೆ ರಸೀದಿಯನ್ನೂ ಜೊತೆಗಿಟ್ಟಿದ್ದೆ. ಅಕೌಂಟ್ಸ್‌ನವರು ಅದೊಂದನ್ನೇ ತೆಗೆದು ವಾಪಸ್ ಕೊಟ್ಟರು. "ಅತ್ತೆದು ಬರಲ್ಲ ಮೇಡಂ, ನಿಮ್ಮ ಅಪ್ಪ ಅಮ್ಮಂದು ಇದ್ದರೆ ಕೊಡಿ." ಅವರದೇನೂ ತಪ್ಪಿಲ್ಲ, ಕಾನೂನೇ ಹಾಗಿದೆ. ಬೇಜಾರಾಗಿದ್ದು ಅದಕ್ಕೇ.

ನಮ್ಮದು ತಿಪಟೂರು ಹತ್ತಿರ ಹಳ್ಳಿ. ಯಜಮಾನರು ತೆಂಗಿನ ತೋಟ ನೋಡಿಕೊಳ್ಳುತ್ತಾರೆ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ಹಾಗಾಗಿ ಅವರು ವಿನಾಯಿತಿ ಕೇಳುವ ಮಾತೂ ಇಲ್ಲ. ಸಂಬಳ ಬರುವುದು ನನಗೆ. 72 ವರ್ಷದ ಅತ್ತೆಯ ಬಿಪಿ ಮಾತ್ರೆಯಿಂದ ಹಿಡಿದು ವಿಮೆ ಕಂತಿನವರೆಗೆ ಎಲ್ಲ ಹೋಗುವುದು ನನ್ನ ಖಾತೆಯಿಂದ. ನಾನು ಬಸ್ಸು ಹತ್ತಿ ಕೆಲಸಕ್ಕೆ ಹೋದ ಅಷ್ಟೂ ವರ್ಷ ನನ್ನ ಇಬ್ಬರು ಮಕ್ಕಳನ್ನು ಸಾಕಿದ್ದು ಅವರು.

ತೆರಿಗೆ ಲೆಕ್ಕಕ್ಕೆ ಹಳೇದು, ಹೊಸದು ಅಂತ ಎರಡು ಪದ್ಧತಿ ಇವೆ. ಹಳೇ ಪದ್ಧತಿಯಲ್ಲಿ, 1961ರ ಆದಾಯ ತೆರಿಗೆ ಕಾಯ್ದೆಯ 80ಡಿ ಕಲಂ ಪ್ರಕಾರ, 60 ದಾಟಿದ ತಂದೆ ತಾಯಿಯ ವಿಮೆಗೆ ಕಟ್ಟಿದ್ದರಲ್ಲಿ 50,000 ರೂಪಾಯಿವರೆಗೆ ಆದಾಯದಿಂದ ಕಳೆಯಬಹುದು. ಅವರು ನಮ್ಮನ್ನೇ ನಂಬಿಕೊಂಡಿರಬೇಕು ಅಂತಲೂ ಇಲ್ಲ. ನನ್ನಪ್ಪನಿಗೆ ಪಿಂಚಣಿ ಬರುತ್ತದೆ, ಹಾಸನದಲ್ಲಿ ಅಣ್ಣನ ಮನೆಯಲ್ಲಿದ್ದಾರೆ, ಅವರ ಕಂತು ನಾನು ಕಟ್ಟಿದರೆ ಲೆಕ್ಕಕ್ಕೆ ಬರುತ್ತದೆ. ನನ್ನ ಜೊತೆ ಒಂದೇ ಒಲೆಯ ಅನ್ನ ಉಣ್ಣುವ ಅತ್ತೆದು ಬರುವುದಿಲ್ಲ. ಇದು ಯಾವ ನ್ಯಾಯ?

ಅಂಗವೈಕಲ್ಯ ಇರುವವರನ್ನು ಸಾಕುವವರಿಗೆ 80ಡಿಡಿ ಅಂತ ಇನ್ನೊಂದು ಕಲಂ ಇದೆ, ಆದಾಯದಿಂದ 75,000 ರೂಪಾಯಿ ಕಳೆಯಬಹುದು, ವೈಕಲ್ಯ ತೀವ್ರವಾಗಿದ್ದರೆ 1,25,000. ಅಲ್ಲಿ ಮಾತ್ರ ಸರಿಯಾದ ಪ್ರಶ್ನೆ ಕೇಳುತ್ತಾರೆ: ಆ ವ್ಯಕ್ತಿ ಪೂರ್ತಿಯಾಗಿ ಅಥವಾ ಮುಖ್ಯವಾಗಿ ನಿಮ್ಮ ಮೇಲೆಯೇ ಅವಲಂಬಿಸಿದ್ದಾರಾ? ಆದರೆ ಪಟ್ಟಿ ಮತ್ತೆ ಅಷ್ಟೇ. ಗಂಡ ಅಥವಾ ಹೆಂಡತಿ, ಮಕ್ಕಳು, ತಂದೆ ತಾಯಿ, ಒಡಹುಟ್ಟಿದವರು. ಅತ್ತೆ ಮಾವ ಇಲ್ಲ, ಮೈದುನ ಇಲ್ಲ, ಮದುವೆಯಾಗದೆ ನಮ್ಮ ಮನೆಯಲ್ಲೇ ಉಳಿದ ಚಿಕ್ಕಮ್ಮನೂ ಇಲ್ಲ.

ಸರ್ಕಾರಕ್ಕೆ ಈ ಸಂಬಂಧ ಗೊತ್ತಿಲ್ಲ ಅಂತೇನಲ್ಲ. ಕೇಂದ್ರ ನೌಕರರ ಸಿಜಿಎಚ್‌ಎಸ್ ಆರೋಗ್ಯ ಯೋಜನೆಯಲ್ಲಿ ಹೆಣ್ಣುಮಕ್ಕಳು ಅಪ್ಪ ಅಮ್ಮನ ಬದಲು ತಮ್ಮನ್ನು ನಂಬಿಕೊಂಡಿರುವ ಅತ್ತೆ ಮಾವನ ಹೆಸರು ಬರೆಸಬಹುದು. ಆಸ್ಪತ್ರೆ ಚೀಟಿಗೆ ಮನೆಯವರಾದವರು ಟ್ಯಾಕ್ಸ್ ಲೆಕ್ಕದಲ್ಲಿ ಯಾಕೆ ಹೊರಗಿನವರಾಗಬೇಕು? ಮದುವೆಯಾದ ದಿನದಿಂದ "ಅವರೇ ಇನ್ನು ನಿನ್ನ ತಾಯಿ" ಅಂತ ಹೇಳಿಸಿಕೊಂಡು ಬಂದವರು ನಾವು. ಸಾಕುವುದು ಯಾರು ಅಂತ ನೋಡಿ ವಿನಾಯಿತಿ ಕೊಡಲಿ. ದುರುಪಯೋಗ ಆಗುತ್ತದೆ ಅನ್ನುವವರಿಗೆ ಹೇಳುತ್ತೇನೆ, ರೇಷನ್ ಕಾರ್ಡ್ ನೋಡಲಿ, ಬ್ಯಾಂಕ್ ಪಾಸ್‌ಬುಕ್ ಕೇಳಲಿ, ಬೇಡ ಅಂದವರು ಯಾರು?

ಅಲ್ಲಿಯವರೆಗೆ ಸುಮ್ನೆ ಗೊತ್ತಿರಲಿ ಅಂತ ಹೇಳುತ್ತಿದ್ದೇನೆ. ಗಂಡನಿಗೂ ತೆರಿಗೆ ಬೀಳುವ ಸಂಬಳವಿದ್ದು ಹಳೇ ಪದ್ಧತಿಯಲ್ಲಿದ್ದರೆ, ಅತ್ತೆಯ ಕಂತು ಗಂಡನ ಖಾತೆಯಿಂದಲೇ ಹೋಗಲಿ, ಮಗನಾಗಿ ಅವರು ಕೇಳಬಹುದು. ನಗದು ಕೊಟ್ಟರೆ ಲೆಕ್ಕಕ್ಕಿಲ್ಲ. ಹೊಸ ಪದ್ಧತಿಯಲ್ಲಿ ಇದ್ಯಾವುದೂ ಸಿಗುವುದಿಲ್ಲ. ನಮ್ಮಂಥ ತೋಟದ ಮನೆಗಳಿಗೆ ಗಂಡನ ಹೆಸರಲ್ಲಿ ಕೇಳುವ ದಾರಿಯೂ ಇಲ್ಲ.