ಅಂಟಿಕೊಂಡ ಎರಡು ಹಾಳೆ

ಸೆಪ್ಟೆಂಬರ್ ತಿಂಗಳಿನ ಮೇಲೆ ನನಗೆ ಗೌರವ ಸ್ವಲ್ಪ ಕಡಿಮೆ. ಲ್ಯಾಟಿನ್ ಭಾಷೆಯಲ್ಲಿ ‘ಸೆಪ್ಟೆಮ್’ ಎಂದರೆ ಏಳು, ನಮ್ಮ ‘ಸಪ್ತ’ದ ದಾಯಾದಿ. ರೋಮನ್ನರ ಹಳೆಯ ವರ್ಷ ಮಾರ್ಚಿನಲ್ಲಿ ಆರಂಭವಾಗುತ್ತಿದ್ದ ಕಾಲದಲ್ಲಿ ಅದು ನಿಜಕ್ಕೂ ಏಳನೆಯ ತಿಂಗಳಾಗಿತ್ತು. ವರ್ಷದ ಆರಂಭ ಜನವರಿಗೆ ಸರಿದ ಮೇಲೆ ಒಂಬತ್ತನೆಯ ಸ್ಥಾನಕ್ಕೆ ಹೋಗಿ ಕುಳಿತರೂ ಹೆಸರನ್ನು ಮಾತ್ರ ತಿದ್ದಿಸಿಕೊಳ್ಳಲಿಲ್ಲ. ನಮ್ಮ ಶಾಲೆಯ ಹುಡುಗನೊಬ್ಬನ ದಾಖಲೆಗಳಲ್ಲಿ ಇಷ್ಟು ವ್ಯತ್ಯಾಸವಿದ್ದರೆ ಅವನಿಗೆ ವಿದ್ಯಾರ್ಥಿವೇತನ ಸಿಗುವುದಿಲ್ಲ.

ಇದನ್ನೆಲ್ಲ ನಾನು ತಿಳಿದುಕೊಂಡದ್ದು ಹೊಟ್ಟೆಪಾಡಿಗಾಗಿ. ಚಿಕ್ಕಬಳ್ಳಾಪುರದ ಸಮೀಪದ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುವ ನನಗೆ, ಪ್ರಾರ್ಥನೆಗೆ ಮುಂಚೆ ಜಗುಲಿಯ ಕಪ್ಪು ಹಲಗೆಯ ಮೇಲೆ ‘ಇಂದಿನ ದಿನ ವಿಶೇಷ’ ಬರೆಯುವ ಕೆಲಸವನ್ನು, ಅಕ್ಷರ ದುಂಡಗಿದೆ ಎಂಬ ಒಂದೇ ಅಪರಾಧಕ್ಕಾಗಿ, ಹಲವು ವರ್ಷಗಳ ಹಿಂದೆ ಒಪ್ಪಿಸಲಾಗಿತ್ತು. ಲೋಕದ ಮಹನೀಯರೆಲ್ಲರ ಜಯಂತಿಗಳನ್ನು ನೆನಪಿನಲ್ಲಿಟ್ಟುಕೊಂಡ ನಾನು ಮರೆತದ್ದು ಒಂದೇ ದಿನವನ್ನು, ಸೆಪ್ಟೆಂಬರ್ 3ನ್ನು. ಅಧಿಕ ಮಾಸದ ದೆಸೆಯಿಂದ ಶ್ರಾವಣ ತಡವಾಗಿ ಬಂದಿದ್ದ ಒಂದು ವರ್ಷ ಅದೇ ದಿನ ನಮ್ಮ ಮದುವೆ ನಡೆದಿತ್ತು.

ಸಂಜೆ ಮನೆಯಲ್ಲಿ ಒಗ್ಗರಣೆಯ ಸದ್ದು ಎಂದಿಗಿಂತ ಜೋರಾಗಿದ್ದುದನ್ನು ಕೇಳಿ ನಾನು ಇತಿಹಾಸದ ಮೊರೆ ಹೋದೆ. ಜೂಲಿಯನ್ ಕ್ಯಾಲೆಂಡರಿನ ವರ್ಷ ನಿಜವಾದ ಸೌರ ವರ್ಷಕ್ಕಿಂತ ಸುಮಾರು 11 ನಿಮಿಷ ಉದ್ದವಾಗಿತ್ತೆಂದೂ, ಆ ನಿಮಿಷಗಳು ಶತಮಾನಗಳ ಕಾಲ ಸೇರಿ ಸೇರಿ ದಿನಗಳೇ ಆಗಿಬಿಟ್ಟವೆಂದೂ, 1582ರಲ್ಲಿ ಪೋಪ್ ಹದಿಮೂರನೆಯ ಗ್ರೆಗೊರಿ ಹತ್ತು ದಿನಗಳನ್ನು ಕಿತ್ತುಹಾಕಿ ಲೆಕ್ಕ ಸರಿಪಡಿಸಿದರೂ ಒಪ್ಪದೆ ಕುಳಿತಿದ್ದ ಬ್ರಿಟನ್, ಕೊನೆಗೆ 1752ರಲ್ಲಿ ಸೆಪ್ಟೆಂಬರ್ 2ರ ಮರುದಿನವನ್ನು ಸೆಪ್ಟೆಂಬರ್ 14 ಎಂದು ಎಣಿಸಿತೆಂದೂ ವಿವರಿಸಿದೆ. ಆ ವರ್ಷ ಸೆಪ್ಟೆಂಬರ್ 3 ಎಂಬ ದಿನವೇ ಹುಟ್ಟಲಿಲ್ಲವಾದ್ದರಿಂದ ಅದನ್ನು ಮರೆತವನ ತಪ್ಪು ಅಷ್ಟು ದೊಡ್ಡದಲ್ಲ ಎಂಬುದು ನನ್ನ ವಾದ.

“ದಿನ ಹೋದದ್ದು ಇಂಗ್ಲೆಂಡಿನಲ್ಲಿ. ನಮ್ಮ ಮದುವೆ ಆದದ್ದು ಶಿಡ್ಲಘಟ್ಟದಲ್ಲಿ ಕಣ್ರೀ,” ಎಂದಳು. ಅಲ್ಲದೆ ನಮ್ಮ ಪಂಚಾಂಗದಲ್ಲಿ ಕ್ಷಯ ತಿಥಿಗಳು ಬಂದು ಹೋಗುತ್ತಲೇ ಇರುತ್ತವೆ, ಒಂದು ಸೂರ್ಯೋದಯದ ನಂತರ ಹುಟ್ಟಿದ ತಿಥಿ ಮತ್ತೊಂದು ಸೂರ್ಯೋದಯವನ್ನು ಕಾಣದೆಯೇ ಮುಗಿಯುತ್ತದೆ, ಹಾಗೆಂದು ಯಾರೂ ಹಬ್ಬ ಬಿಟ್ಟಿಲ್ಲ ಎಂದೂ ನೆನಪಿಸಿದಳು. ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ, ಈಗಲೂ ಇಲ್ಲ.

5ನೆಯ ತಾರೀಖು ಶಿಕ್ಷಕರ ದಿನಾಚರಣೆ ಸುಖವಾಗಿ ಕಳೆಯಿತು. ಮೈಸೂರಿನಲ್ಲಿ ಪ್ರಾಧ್ಯಾಪಕರಾಗಿದ್ದ ರಾಧಾಕೃಷ್ಣನ್ ಅವರು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಹೂವಿನ ಸಾರೋಟನ್ನು ತಾವೇ ಎಳೆದು ರೈಲು ನಿಲ್ದಾಣಕ್ಕೆ ಕರೆದೊಯ್ದದ್ದನ್ನು ನಾನು ವರ್ಣಿಸಿದೆ. ಅಂದು ಸಂಜೆ ಕೆಟ್ಟು ನಿಂತಿದ್ದ ನನ್ನ ಸ್ಕೂಟರನ್ನು ಇಬ್ಬರು ಹುಡುಗರು ಗೇಟಿನವರೆಗೆ ತಳ್ಳಿದರು.

ಅನಾಹುತವಾದದ್ದು ತಿಂಗಳ ನಡುವೆ. ಆ ವರ್ಷ ಗಣೇಶನ ಹಬ್ಬ ಮುಗಿದು ಮೂರ್ನಾಲ್ಕು ದಿನವಾಗಿತ್ತು, ಕಡುಬು ಮಾತ್ರ ಮುಗಿದಿರಲಿಲ್ಲ. ಅಡುಗೆಮನೆಯ ಗೋಡೆಗೆ ತೂಗುಹಾಕಿರುವ, ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರಿಗೆ ನಾನು ಬೆಲ್ಲದ ಹೂರಣ ಮೆತ್ತಿದ ಕೈಯನ್ನೇ ಹಾಕಿದ್ದೆನೆಂದು ಕಾಣುತ್ತದೆ. ಬೆಳಿಗ್ಗೆ ಹರಿದದ್ದು ಒಂದು ಹಾಳೆಯಂತೆ ತೋರಿದರೂ ಬಂದದ್ದು ಎರಡು. ಗೋಡೆಯ ಮೇಲೆ 16 ಮೂಡಿತು. ಮೊಬೈಲಿನಲ್ಲಿ ದಿನಾಂಕ ಇರಲಿಲ್ಲವೇ ಎಂದು ಈಗ ಎಲ್ಲರೂ ಕೇಳುತ್ತಾರೆ. ಇರುತ್ತದೆ, ಆದರೆ ಗೋಡೆಯ ಮೇಲಿದ್ದುದನ್ನು ನಂಬುವ ತಲೆಮಾರು ನನ್ನದು.

ಹಿಂದಿನ ದಿನ ನಾನು ರಜೆಯಲ್ಲಿದ್ದೆ. ಆದ್ದರಿಂದ ವಿಶ್ವೇಶ್ವರಯ್ಯನವರ ಜಯಂತಿ ನನ್ನನ್ನು ಬಿಟ್ಟೇ ನಡೆದುಹೋಗಿದೆ ಎಂದುಕೊಂಡು ಶಾಲೆಗೆ ಬಂದೆ. ಮೇಜಿನ ಮೇಲೆ ಅವರ ಭಾವಚಿತ್ರ, ಅದಕ್ಕೆ ಸೇವಂತಿಗೆಯ ಹಾರ. ಕಾರ್ಯಕ್ರಮ ಮುಗಿದ ಮೇಲೆ ಎತ್ತಿಡುವ ಸೌಜನ್ಯವೂ ಯಾರಿಗೂ ಇಲ್ಲವಲ್ಲ ಎಂದು ನೊಂದು, ನಿನ್ನೆಯ ಹೂವು ಇಷ್ಟು ನಳನಳಿಸುತ್ತಿರುವುದೇಕೆಂದು ಒಂದು ಕ್ಷಣವೂ ಯೋಚಿಸದೆ, ಹಾರವನ್ನು ಗುಲಾಬಿ ಗಿಡದ ಬುಡಕ್ಕೆ ಹಾಕಿದೆ. ಚಿತ್ರವನ್ನು ಬೀರುವಿನಲ್ಲಿಟ್ಟು ಬೀಗ ಜಡಿದು ಕೀಲಿಯನ್ನು ಜೇಬಿಗೆ ಸೇರಿಸಿದೆ. ಬಳಿಕ ಹಲಗೆಯ ಮೇಲೆ ದುಂಡಗಿನ ಅಕ್ಷರಗಳಲ್ಲಿ ‘ವಿಶ್ವ ಓಝೋನ್ ದಿನ’ ಎಂದು ಬರೆದೆ.

ಅತಿಥಿಗಳು ನಿವೃತ್ತ ಎಂಜಿನಿಯರರು. ವಿಶ್ವೇಶ್ವರಯ್ಯನವರ ಸಮಯಪಾಲನೆಯ ಮೇಲೆ ಭಾಷಣ ಮಾಡಲಿದ್ದುದರಿಂದಲೋ ಏನೋ, ಹತ್ತು ಗಂಟೆ ಎಂದರೆ ಹತ್ತಕ್ಕೇ ಬಂದಿಳಿದರು. ಮುದ್ದೇನಹಳ್ಳಿ ಕೂಗಳತೆಯಲ್ಲಿರುವ ಶಾಲೆಯಲ್ಲಿ, ಆ ಊರಿನಲ್ಲೇ ಹುಟ್ಟಿದ ಮಹಾನುಭಾವರ ಜಯಂತಿಯ ದಿನ, ಓಝೋನ್ ಪದರದ ತೂತಿನ ಬಗ್ಗೆ ಬರೆದಿದ್ದ ಹಲಗೆಯನ್ನು ಅವರು ಕನ್ನಡಕ ತೆಗೆದು ಒಮ್ಮೆ, ಹಾಕಿಕೊಂಡು ಒಮ್ಮೆ ಓದಿದರು.

“ಮೇಷ್ಟ್ರೇ, ಫೋಟೋ ಎಲ್ಲಿ?” ಎಂದು ಮುಖ್ಯೋಪಾಧ್ಯಾಯರು ಮೆಲ್ಲಗೆ ಕೇಳಿದರು. ನಾನು ಜೇಬು ಮುಟ್ಟಿಕೊಂಡೆ.

ಅತಿಥಿಗಳು ದೊಡ್ಡ ಮನಸ್ಸಿನವರು. ಹಾರ ಗುಲಾಬಿಯ ಬುಡದಿಂದ ಎದ್ದು ಬರುವವರೆಗೆ ಅವರೇ ಸಮಾಧಾನ ಹೇಳಿದರು: ಎಲ್ಲದರಲ್ಲೂ ಕರಾರುವಾಕ್ಕಾಗಿದ್ದ ವಿಶ್ವೇಶ್ವರಯ್ಯನವರು ಹುಟ್ಟಿದ್ದು 1861 ಎಂದು ಹಲವು ಪುಸ್ತಕಗಳಲ್ಲಿದೆ, ಆದರೆ ಅಂಚೆ ಇಲಾಖೆ ಅವರ ಶತಮಾನೋತ್ಸವದ ಚೀಟಿಯನ್ನು ಹೊರತಂದದ್ದು 1960ರಲ್ಲೇ. “ಅಲ್ಲೇ ಒಂದು ವರ್ಷ ಹೆಚ್ಚುಕಮ್ಮಿ ಆಗಿದೆ. ನಿಮ್ಮದು ಒಂದೇ ದಿನ, ಬಿಡಿ.”

ಮರುದಿನ ನಾನು ಬೇಗ ಬಂದೆ. ಓಝೋನ್ ದಿನವನ್ನು ಮುಂಗಡವಾಗಿಯೇ ಬರೆದಾಗಿದೆ, ಇಂದು ಹಲಗೆಯ ಕೆಲಸವಿಲ್ಲ ಎಂದು ನಿಶ್ಚಿಂತೆಯಿಂದಿದ್ದೆ. ಹಲಗೆ ತೊಳೆದಿಟ್ಟಂತೆ ಖಾಲಿಯಾಗಿತ್ತು. ಹಿಂದಿನ ಸಂಜೆಯೇ ಜವಾನ, ನಾನು ತಪ್ಪು ಬರೆದಿದ್ದೇನೆಂದು ಕನಿಕರಪಟ್ಟು, ಒದ್ದೆ ಬಟ್ಟೆಯಿಂದ ಒರೆಸಿಬಿಟ್ಟಿದ್ದ.